ಆಸ್ಟ್ರೇಲಿಯದ ಅಬೊರಿಜಿನಲ್ ಕಾರ್ಪೊರೇಷನ್: ನಿರ್ದೇಶಕರು ಲೆಕ್ಕ ಕೊಡದಿದ್ದರೆ?

ಪ್ರಶ್ನೆ: ಮೂಲನಿವಾಸಿ ಸಮುದಾಯದವರೇ ನಡೆಸುವ ಕಾರ್ಪೊರೇಷನ್‌ನಲ್ಲಿ ನಿರ್ದೇಶಕರು ಲೆಕ್ಕಪತ್ರ ತೋರಿಸದಿದ್ದರೆ ಸಾಮಾನ್ಯ ಸದಸ್ಯರಿಗೆ ಏನು ದಾರಿ?

ಉತ್ತರ 1: ಇವು ನೋಂದಣಿಯಾಗುವುದು 2006ರ ಕ್ಯಾಟ್ಸಿ (CATSI) ಕಾಯ್ದೆಯಡಿ, ಅಂದರೆ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೇಟ್ ದ್ವೀಪವಾಸಿಗಳ ಕಾರ್ಪೊರೇಷನ್‌ಗಳ ಕಾಯ್ದೆಯಡಿ. ಮೊದಲು ಈ ಕಾರ್ಪೊರೇಷನ್‌ಗಳನ್ನು ನೋಂದಾಯಿಸಿ ನಿಯಂತ್ರಿಸುವ ಸರ್ಕಾರಿ ಅಧಿಕಾರಿಯಾದ ರಿಜಿಸ್ಟ್ರಾರ್ ಕಚೇರಿಯ ಜಾಲತಾಣದಲ್ಲಿ ಸಂಸ್ಥೆಯ ನಿಯಮಾವಳಿ, ವಾರ್ಷಿಕ ವರದಿ ತೆಗೆದು ನೋಡಿ. ಜೂನ್ 30ಕ್ಕೆ ವರ್ಷ ಮುಗಿಯುವ ಸಂಸ್ಥೆ ಡಿಸೆಂಬರ್ 31ರೊಳಗೆ ವರದಿ ಸಲ್ಲಿಸಿರಬೇಕು. ನಂತರ ಸಾಮಾನ್ಯ ಸಭೆಗೆ ಲಿಖಿತ ಕೋರಿಕೆ ಕೊಡಿ. 5 ಸದಸ್ಯರು ಅಥವಾ ಶೇ. 10ರಷ್ಟು ಸದಸ್ಯರು, ಯಾವುದು ಹೆಚ್ಚೋ ಅಷ್ಟು ಸಹಿ ಬೇಕು. ಮಂಡಿಸುವ ಠರಾವನ್ನು ಅದರಲ್ಲೇ ಬರೆಯಿರಿ. ಹಲವರು ಎಡವುವುದು ಇಲ್ಲೇ. ನಿರ್ದೇಶಕರು 21 ದಿನದೊಳಗೆ ಸಭೆ ಕರೆಯಬೇಕು, ಇಲ್ಲವೇ ಕೋರಿಕೆ ನಿರಾಕರಿಸಲು ರಿಜಿಸ್ಟ್ರಾರ್ ಅವರ ಅನುಮತಿ ಕೇಳಬೇಕು.

ಉತ್ತರ 2: ಅದಕ್ಕೂ ಬಗ್ಗದಿದ್ದರೆ ರಿಜಿಸ್ಟ್ರಾರ್‌ಗೆ ದೂರು ಕೊಡಿ. ಅವರು ಸಂಸ್ಥೆಯ ಲೆಕ್ಕಪುಸ್ತಕಗಳ ಪರಿಶೀಲನೆ ಮಾಡಿಸಬಲ್ಲರು. ಪರಿಸ್ಥಿತಿ ಗಂಭೀರವಿದ್ದರೆ ಕಾರಣ ಕೇಳಿ ನೋಟಿಸ್ ಕೊಟ್ಟು ವಿಶೇಷ ಆಡಳಿತಾಧಿಕಾರಿಯನ್ನು ನೇಮಿಸುತ್ತಾರೆ. ಆಗ ನಿರ್ದೇಶಕರ ಅಧಿಕಾರ ಹೋಗುತ್ತದೆ, ಸಂಸ್ಥೆ ಉಳಿಯುತ್ತದೆ. ಮುಚ್ಚುವುದಕ್ಕಿಂತ ಇದು ಎಷ್ಟೋ ಮೇಲು.

ಉತ್ತರ 3: ಹಗರಣಗಳಷ್ಟೇ ಸುದ್ದಿಯಾಗುವುದು ಬೇಸರ. ಆಲಿಸ್ ಸ್ಪ್ರಿಂಗ್ಸ್‌ನ ಸೆಂಟ್ರಲ್ ಆಸ್ಟ್ರೇಲಿಯನ್ ಅಬೊರಿಜಿನಲ್ ಕಾಂಗ್ರೆಸ್ ಎಂಬ ಮೂಲನಿವಾಸಿ ಸಂಸ್ಥೆ 1973ರಲ್ಲಿ ಹುಟ್ಟಿ ಇಂದಿಗೂ ಆರೋಗ್ಯ ಸೇವೆ ನಡೆಸುತ್ತಿದೆ. ಹೊಸ ಮಂಡಳಿಗಳಿಗೆ ನನ್ನ ಸಲಹೆ: ನಿರ್ದೇಶಕರಿಗೋ ಅವರ ಬಂಧುಗಳಿಗೋ ಲಾಭವಾಗುವ ವ್ಯವಹಾರವಿದ್ದರೆ ಮೊದಲೇ ಸದಸ್ಯರ ಒಪ್ಪಿಗೆ ಪಡೆದು ನಡಾವಳಿಯಲ್ಲಿ ದಾಖಲಿಸಿ.