ಅಪ್‌ಡೇಟ್: ಅಪ್ಪನ ಮೂಗಿನ ಆಪರೇಷನ್ ಆಯ್ತು

ಕೊರೊನಾ ಜೋರಾಗಿರುವಾಗ ಅಪ್ಪನಿಗೆ ಸೈನಸ್ (ಮೂಗಿನ ಸುತ್ತಲಿನ ಮೂಳೆಯೊಳಗಿನ ಗಾಳಿಗೂಡು) ಆಪರೇಷನ್ ಮಾಡಿಸಬಹುದಾ ಎಂದು ಕೇಳಿದ್ದೆ ಅಲ್ವಾ? ಇಲ್ಲೇ ದಾವಣಗೆರೆಯಲ್ಲಿ ಆಯ್ತು, ಆರಾಮಾಗಿದ್ದಾರೆ.

‘ಅಲೆ ಇಳಿಯಲಿ, ಕಾಯಿರಿ’ ಎಂದವರೇ ಜಾಸ್ತಿ. ಆದರೆ ಸೈನಸ್‌ನ ಸೋಂಕು ಕಣ್ಣಿನ ಕಡೆ ಹರಡುತ್ತಿತ್ತು, ಕಾಯುವ ಹಾಗಿರಲಿಲ್ಲ. ಹಬೆಯಿಂದಲೂ ಏನೂ ಆಗಲಿಲ್ಲ. ಕೈ ಹಿಡಿದದ್ದು ‘ಮೊದಲು ಆರ್‌ಟಿ-ಪಿಸಿಆರ್ (ಕೊರೊನಾ ಟೆಸ್ಟ್) ಮಾಡಿಸಿ, ಆಮೇಲೆ ಆಪರೇಷನ್ ಆಗುವವರೆಗೆ ಯಾರನ್ನೂ ಮನೆಗೆ ಸೇರಿಸಬೇಡಿ’ ಎಂಬ ಸಲಹೆ. ತುಂಬಾ ಥ್ಯಾಂಕ್ಸ್.

ಈ ಆಪರೇಷನ್‌ನಿಂದ ಡಾಕ್ಟರಿಗೂ ಇಷ್ಟು ಅಪಾಯ ಇದೆ ಅಂತ ನನಗೆ ಗೊತ್ತಿರಲಿಲ್ಲ. ಮೂಗಿನೊಳಗೇ ವೈರಸ್ ಜಾಸ್ತಿ ಇರುತ್ತದೆ; ಡ್ರಿಲ್ ತಿರುಗಿದರೆ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಹಾಗಾಗಿ ರಿಪೋರ್ಟ್ ನೆಗೆಟಿವ್ ಬಂದರೂ ಡಾಕ್ಟರು ಎನ್-95 ಮಾಸ್ಕ್, ಪಿಪಿಇ ಕಿಟ್ (ಮೈ ಮುಚ್ಚುವ ರಕ್ಷಣಾ ಉಡುಪು), ಮುಖಕ್ಕೆ ಶೀಲ್ಡ್ ಹಾಕಿಕೊಂಡಿದ್ದರು. ಒಳಗೆ ಬೇಕಾದಷ್ಟೇ ಜನ ಇದ್ದರು.

ಅಪ್ಪ ಈಗ ಮೂಗು ಸೀಟುವಂತಿಲ್ಲ. ಸೀನು ಬಂದರೆ ತಡೆಯದೆ, ಬಟ್ಟೆ ಅಡ್ಡ ಹಿಡಿದು, ಬಾಯಿ ತೆರೆದೇ ಸೀನಬೇಕು.