ನಾಳದಲ್ಲಿ ಬ್ಲಾಕ್ ಇಲ್ಲ, ಇಸಿಜಿಯಲ್ಲಿ ಬ್ಲಾಕ್ ಇದೆ ಅಂದರೆ ಏನು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 62 ವರ್ಷ. ಮೆಟ್ಟಿಲು ಹತ್ತಿದರೆ ಏದುಸಿರು. ಆಂಜಿಯೋಗ್ರಾಂ ಮಾಡಿ ಬ್ಲಾಕ್ ಇಲ್ಲ ಅಂದರು. ಆದರೆ ಇಸಿಜಿಯಲ್ಲಿ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್, ಕ್ಯೂಆರ್‌ಎಸ್ 160 ಅಂತಿದೆ. ಎಕೋದಲ್ಲಿ ಪಂಪಿಂಗ್ 30 ಪರ್ಸೆಂಟ್. ಆರು ತಿಂಗಳಿಂದ ಮಾತ್ರೆ ತಪ್ಪಿಸಿಲ್ಲ. ಈಗ ಪೇಸ್‌ಮೇಕರ್ ಹಾಕಿಸಿ ಅನ್ನುತ್ತಿದ್ದಾರೆ. ನಾಡಿ 75 ಇದೆಯಲ್ಲ, ಮತ್ತೆ ಪೇಸ್‌ಮೇಕರ್ ಯಾಕೆ?

ಉತ್ತರ (ಹೃದಯ ತಜ್ಞರು): ಎರಡಕ್ಕೂ ಬ್ಲಾಕ್ ಅಂತಲೇ ಕರೆಯುತ್ತೇವೆ, ಅದಕ್ಕೇ ಈ ಗೊಂದಲ. ಒಂದು ರಕ್ತದ ದಾರಿಯದು, ಇನ್ನೊಂದು ಕರೆಂಟಿನ ದಾರಿಯದು. ಅಮ್ಮನಿಗೆ ಇರುವುದು ಎರಡನೆಯದು, ಹೃದಯದ ಎಡ ಕೆಳಕೋಣೆಗೆ ಕರೆಂಟ್ ಒಯ್ಯುವ ದಾರಿಯಲ್ಲಿ.

ಕೆಳಕೋಣೆಗಳ ತುಂಬ ಕರೆಂಟ್ ಹರಡಲು ಸಾಮಾನ್ಯವಾಗಿ 120 ಮಿಲಿಸೆಕೆಂಡ್ ಸಹ ಬೇಡ. ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಂತ ಬರೆಯುವುದು ಈ ಸಮಯವನ್ನೇ. ಅಮ್ಮನಿಗೆ 160 ಹಿಡಿಯುತ್ತಿದೆ. ಎಕೋ ಪರದೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎರಡು ಕೆಳಕೋಣೆಗಳ ಮಧ್ಯದ ನಡುಗೋಡೆ ಮೊದಲೇ ಪಟ್ಟನೆ ಒಳಗೆ ಎಳೆದುಕೊಳ್ಳುತ್ತದೆ. ಎಡಗಡೆ ಹೊರಗೋಡೆ ಆಮೇಲೆ ನಿಧಾನಕ್ಕೆ ಬರುತ್ತದೆ. ಅಷ್ಟರಲ್ಲಿ ನಡುಗೋಡೆ ಸಡಿಲ. ಹಿಂಡಿದ ಬಲ ರಕ್ತವನ್ನು ಹೊರಗೆ ತಳ್ಳುವ ಬದಲು ಆ ಸಡಿಲ ಗೋಡೆಯನ್ನೇ ಆಚೆ ತಳ್ಳುತ್ತದೆ. ಕವಾಟವನ್ನು ಹಿಡಿದಿರುವ ಸ್ನಾಯುಗಳ ಹೊಂದಾಣಿಕೆಯೂ ತಪ್ಪಿ, ಕೆಲವರಲ್ಲಿ ರಕ್ತ ಹಿಂದಕ್ಕೆ ಸೋರುತ್ತದೆ.

ಪಂಪಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ, ತುಂಬುವುದರ ಬಗ್ಗೆ ಯಾರೂ ಕೇಳುವುದಿಲ್ಲ. ನಾಡಿ 75 ಅಂದರೆ ಒಂದು ಬಡಿತಕ್ಕೆ 800 ಮಿಲಿಸೆಕೆಂಡ್. ಹಿಂಡಿ ಸಡಿಲವಾಗುವುದಕ್ಕೇ ಜಾಸ್ತಿ ಹೊತ್ತು ಹೋದರೆ ತುಂಬಲು ಉಳಿಯುವುದು ಕಡಿಮೆ. ಮೆಟ್ಟಿಲು ಹತ್ತುವಾಗ ಬಡಿತ ಏರುತ್ತದೆ, ಆ ಉಳಿದ ಸಮಯವೂ ಕರಗುತ್ತದೆ. ಏದುಸಿರಿಗೆ ಇದೂ ಒಂದು ಕಾರಣ.

ಹಾಗಾಗಿ ಈ ಪೇಸ್‌ಮೇಕರ್ ನಾಡಿ ಏರಿಸುವುದಕ್ಕಲ್ಲ, ಎರಡೂ ಗೋಡೆ ಒಟ್ಟಿಗೆ ಹಿಂಡುವಂತೆ ಮಾಡುವುದಕ್ಕೆ. ಹೆಸರು ಸಿಆರ್‌ಟಿ. ಸಾಮಾನ್ಯವಾಗಿ ಮೂರು ವೈರ್ ಇರುತ್ತವೆ, ಒಂದು ಎಡ ಕೆಳಕೋಣೆಗೆ. ಬರೀ ಬಲಗಡೆ ವೈರ್ ಹಾಕಿದರೆ ಇದೇ ತೊಂದರೆ ಮುಂದುವರಿಯುತ್ತದೆ. ನಿಮಗೆ ಹಾಕುವುದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಪಂಪಿಂಗ್ 35ರೊಳಗೆ, ಕ್ಯೂಆರ್‌ಎಸ್ 150 ಮೇಲೆ ಇದ್ದು ಎಡಗಡೆ ಬ್ಲಾಕ್ ಇರುವವರಿಗೆ ಇದನ್ನು ಬಲವಾಗಿ ಸಲಹೆ ಮಾಡುತ್ತೇವೆ. ಎಲ್ಲರಿಗೂ ಒಂದೇ ಥರ ಫಲ ಸಿಗುವುದಿಲ್ಲ, ನಿಜ. ಆದರೆ ಹೆಂಗಸರಲ್ಲಿ, ಅದೂ ನಾಳ ಚೆನ್ನಾಗಿರುವವರಲ್ಲಿ, ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ಅಮ್ಮನಾಗಿದ್ದರೆ ಹಾಕಿಸುತ್ತಿದ್ದೆ.

ಇನ್ನೊಬ್ಬ ಸದಸ್ಯರು: ಸರ್, ನನಗೆ ಬಲಗಡೆ ಬ್ಲಾಕ್ ಇದೆಯಂತೆ. ನನಗೂ ಇದೇ ಬೇಕಾ?

ಉತ್ತರ: ಎಕೋ ಚೆನ್ನಾಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಬೇಡ. ಎಡಕೋಣೆಗೆ ಕರೆಂಟ್ ಸರಿಯಾಗೇ ಹೋಗುತ್ತಿರುತ್ತದೆ.

ಮತ್ತೊಬ್ಬರು: ನನ್ನ ಪಿಆರ್ 280. ಸುಮ್ನೆ ಇರಿ ಅಂದರು. ಇರಬಹುದಾ?

ಉತ್ತರ: ಸುಸ್ತು, ತಲೆಸುತ್ತು ಇಲ್ಲ ಅಲ್ವಾ? ಹಾಗಿದ್ದರೆ ಇರಬಹುದು. ಪಿಆರ್ ಅಂದರೆ ಮೇಲಿನ ಕೋಣೆಯಿಂದ ಕೆಳಕೋಣೆಗೆ ಕರೆಂಟ್ ತಲುಪಲು ಹಿಡಿಯುವ ಸಮಯ, 200 ಮಿಲಿಸೆಕೆಂಡ್ ತನಕ ಸಹಜ. ಕೆಳಕೋಣೆ ತುಂಬುವ ಕೊನೆಯಲ್ಲಿ ಮೇಲಿನ ಕೋಣೆ ಒಂದು ಸಲ ಒತ್ತಿ ಕೊಡುತ್ತದೆ. ಪಿಆರ್ ತೀರಾ ಉದ್ದವಾದರೆ, ಅಂದರೆ 300 ದಾಟಿದರೆ, ಆ ಒತ್ತು ಬೇಗ ಬಂದು ವ್ಯರ್ಥವಾಗಬಹುದು. ಬಿಪಿಗೆ ಅಥವಾ ಬಡಿತಕ್ಕೆ ಹೊಸ ಮಾತ್ರೆ ಬರೆಯುವವರಿಗೆ ಈ ಇಸಿಜಿ ತೋರಿಸಿ, ಕೆಲವು ಮಾತ್ರೆ ಇದನ್ನು ಇನ್ನೂ ಉದ್ದ ಮಾಡುತ್ತವೆ. ಕಣ್ಣು ಕತ್ತಲೆ ಬಂದು ಬಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.