ಸಹಾಯ ಬೇಕು: ಅಜ್ಜನ ಕಪಾಟಿನ ಹಳೆಯ ಪುಸ್ತಕಗಳ ದುರಸ್ತಿ
ಎಲ್ಲರಿಗೂ ನಮಸ್ಕಾರ. ರಾಯಚೂರಿನ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಮುಚ್ಚಿಯೇ ಇದ್ದ ಪುಸ್ತಕದ ಕಪಾಟನ್ನು ಈಚೆಗೆ ತೆರೆದಾಗ, ದಾಸಸಾಹಿತ್ಯದ ಸಂಪುಟಗಳ ಜೊತೆಗೆ, 1948ಕ್ಕೆ ಮುಂಚೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದಾಗ ಅಜ್ಜ ಶಾಲೆಯಲ್ಲಿ ಓದಿದ ಉರ್ದು ಪಠ್ಯಗಳೂ ಸಿಕ್ಕವು. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದ ಅಂಚಿನಲ್ಲಿ ಅಜ್ಜ ಪೆನ್ಸಿಲಿನಿಂದ ಅರ್ಥ ಬರೆದಿದ್ದಾರೆ. ಆದರೆ ಹಾಳೆ ಮಗುಚಿದರೆ ಮೂಲೆಗಳು ಹಪ್ಪಳದಂತೆ ಮುರಿಯುತ್ತವೆ, ಬೆನ್ನಿನ ಅಂಟನ್ನು ಬೆಳ್ಳಿಹುಳ ತಿಂದಿದೆ. ಬಿಸಿಲಿಗೆ ಹಾಕಿ ಎಂಬ ಸಲಹೆ ದಯವಿಟ್ಟು ಬೇಡ (ನಮ್ಮೂರ ಬಿಸಿಲು ಗೊತ್ತೇ ಇದೆ), ಕಾಗದ ಇನ್ನಷ್ಟು ಕಂದಿ ಪೆಡಸಾಗುತ್ತದೆ. ಟೇಪ್ ಅಂಟಿಸದೆ, ತೆಳುವಾದ ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಅಂಟಿನಿಂದ ಹಾಳೆಗಳನ್ನು ದುರಸ್ತಿ ಮಾಡಬಲ್ಲವರು ರಾಯಚೂರು, ಕೊಪ್ಪಳ ಅಥವಾ ಬಳ್ಳಾರಿಯಲ್ಲಿ ಇದ್ದಾರೆಯೇ? ಉರ್ದು ಶೀರ್ಷಿಕೆಗಳನ್ನು ಓದಿ ಕನ್ನಡದಲ್ಲಿ ಪಟ್ಟಿ ಮಾಡಲು ನೆರವಾಗುವವರಿದ್ದರೂ ತಿಳಿಸಬೇಕಾಗಿ ವಿನಂತಿ.